ಅತ್ತೆ ಮುರಿದ ಆಂಟೆನಾ

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಈಗ ನಾನು ಬರೆಯಹೊರಟಿರುವ ಸಂಗತಿಯನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನಕ್ಕು, ಚಹಾ ಕುಡಿಸಿ ಕಳಿಸುತ್ತಿದ್ದೆ. ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ವಿಜ್ಞಾನ ಕಲಿಸಿದವಳು ನಾನು. ಕನಸಿನಲ್ಲಿ ಕಂಡದ್ದು ನಿಜವಾಯಿತು, ತೀರಿಕೊಂಡವರು ಬಂದು ಬಾಗಿಲು ಬಡಿದರು ಅಂತ ಸ್ಟಾಫ್ ರೂಮಿನಲ್ಲಿ ಯಾರಾದರೂ ಶುರು ಮಾಡಿದರೆ, 'ಹಿಂದಿನ ರಾತ್ರಿ ಏನು ಉಂಡಿದ್ರಿ?' ಎಂದು ಕೇಳುತ್ತಿದ್ದೆ. ಹೀಗಾಗಿ ನನ್ನ ಮುಂದೆ ಅಂಥ ಕತೆ ಹೇಳುವುದನ್ನೇ ಎಲ್ಲರೂ ಬಿಟ್ಟಿದ್ದರು.

ನನ್ನ ಕತೆಯಲ್ಲಿ ದೆವ್ವವಿಲ್ಲ, ಕತ್ತಲೆಯೂ ಇಲ್ಲ. ಅದು ನಡೆದದ್ದು ಹಾಡಹಗಲಲ್ಲಿ, ಸಿರುಗುಪ್ಪದ ಒಂದು ರಿಪೇರಿ ಅಂಗಡಿಯ ಮುಂದೆ. ಸುತ್ತಲೂ ಹೊಸ ಸೀರೆ ಉಟ್ಟ ಹೆಂಗಸರಿದ್ದರು. ಎಲ್ಲರ ಹೊಟ್ಟೆ ತುಂಬ ಹೋಳಿಗೆ ಇತ್ತು. ಹೆದರುವಂಥದ್ದು ಏನೂ ಇರಲಿಲ್ಲ. ಆದರೂ ಅವತ್ತು ಕೇಳಿದ್ದನ್ನು ನೆನೆದರೆ ಈಗಲೂ ಕೈಮೇಲಿನ ಕೂದಲು ಏಳುತ್ತವೆ.

ಅದು ಗಣಿಯ ಕಾಲ. ಬೆಳಿಗ್ಗೆ ಒಗೆದು ಹಾಕಿದ ಬಿಳಿ ಪಂಚೆ ಸಂಜೆಗೆ ಕೆಂಪಾಗಿರುತ್ತಿತ್ತು. ಅದಿರು ಲಾರಿಗಳ ಸಾಲು ದಾಟಿ ಶಾಲೆಗೆ ಹೋಗಲು ಅರ್ಧ ಗಂಟೆ ಮೊದಲೇ ಮನೆ ಬಿಡಬೇಕಿತ್ತು. ಮೇಲೆ ಹೆಲಿಕಾಪ್ಟರ್ ಸದ್ದಾದರೆ ನನ್ನ ತರಗತಿ ಪೂರ್ತಿ ಕಿಟಕಿಗೆ ಓಡುತ್ತಿತ್ತು. ನಿನ್ನೆ ಸೈಕಲ್ ತುಳಿಯುತ್ತಿದ್ದವರು ಇವತ್ತು ನಾವು ಹೆಸರೇ ಕೇಳದ ಕಾರಿನಲ್ಲಿ ಹೋಗುತ್ತಿದ್ದರು. ಅಂಥ ಕಾಲದಲ್ಲಿ ನಮ್ಮ ಯಜಮಾನರು ಎರ್ರಿಸ್ವಾಮಿ ಒಂದು ಹಳೆಯ ಜೀಪು ಕೊಂಡರು. ಗಣಿಯ ಸರ್ವೆಯವರು ಗುಡ್ಡ ಹತ್ತಿಸಿ ಹತ್ತಿಸಿ ಸವೆಸಿ, ಹೊಸ ಗಾಡಿ ಬಂದ ಮೇಲೆ ಮೂಲೆಗೆ ನಿಲ್ಲಿಸಿದ್ದ ಜೀಪು ಅದು. ಬಾಗಿಲಿಗೆ ಹಗ್ಗ ಕಟ್ಟಬೇಕು, ಹಾರ್ನು ಹೊಡೆದರೆ ವೈಪರ್ ಅಲ್ಲಾಡುತ್ತಿತ್ತು. ಆದರೆ ಅದರೊಳಗಿನ ರೇಡಿಯೊ ಮಾತ್ರ ಗಟ್ಟಿಮುಟ್ಟಾಗಿತ್ತು. ನೀರಾವರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ಯಜಮಾನರು ಭಾನುವಾರ ಬಂತೆಂದರೆ ಜೀಪು ತೊಳೆದು, ಅದರಲ್ಲೇ ಕೂತು ರೇಡಿಯೊ ಕೇಳುತ್ತಿದ್ದರು. ಎಲ್ಲಿಗಾದರೂ ಹೋಗೋಣವೆಂದರೆ, 'ಇಲ್ಲೇ ಆರಾಮ ಐತಲ್ಲ' ಎನ್ನುತ್ತಿದ್ದರು.

ಇನ್ನು ನನ್ನ ಅತ್ತೆಯ ವಿಷಯ. ಅತ್ತೆ ಎಂದರೆ ಗಂಡನ ತಾಯಿಯಲ್ಲ, ನನ್ನ ಅಪ್ಪನ ಅಕ್ಕ. ಹೆಸರು ಹುಲಿಗೆವ್ವ. ಕುರುಗೋಡಿನಲ್ಲಿ ಗುಡ್ಡದ ಬುಡಕ್ಕೆ ಅವಳ ಮನೆ. ನಾನು ಚಿಕ್ಕವಳಿದ್ದಾಗ ಅವಳು ಬೀಸುವ ಕಲ್ಲಿನ ಮುಂದೆ ಕೂತರೆ ನಾನು ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದೆ. ಕಲ್ಲು ತಿರುಗುತ್ತಿತ್ತು, ಹಾಡು ನಡೆಯುತ್ತಿತ್ತು, ನನ್ನ ಕೂದಲ ತುಂಬ ಹಿಟ್ಟು. ನನಗೆ ಬರುವ ಹಾಡೆಲ್ಲ ಹಾಗೆ ಬಂದದ್ದೇ. ಅದರಲ್ಲಿ ಒಂದು ಹಾಡಿಗೆ ಮೂರು ನುಡಿ ಹಳೆಯವು, ನಾಲ್ಕನೆಯದನ್ನು ಅತ್ತೆ ತಾನೇ ಕಟ್ಟಿ ಸೇರಿಸಿದ್ದಳು. ಅದು ಹೀಗಿದೆ:

ಕಲ್ಲ ಗುಡ್ಡದ ಕೆಳಗ ಕಲ್ಲು ತಿರುವುವರ್ಯಾರ
ಎಲ್ಲಾರ ಹಸಿವ ಬಲ್ಲವಳ | ಹುಲಿಗೆವ್ವ
ಚೆಲ್ಲಿದ ಹಿಟ್ಟು ಬೆಳದಿಂಗಳ

ತನ್ನನ್ನು ತಾನೇ ಹೊಗಳಿಕೊಂಡ ನುಡಿ. 'ಬ್ಯಾರೇದವ್ರು ಹೊಗಳ್ಲಿ ಅಂತ ಕುಂತ್ರ ಹಿಟ್ಟು ಆಗಾಂಗಿಲ್ಲ' ಎಂದು ಅವಳೇ ನಗುತ್ತಿದ್ದಳು. ಅದನ್ನು ಅವಳು ನನಗೊಬ್ಬಳಿಗೇ ಕಲಿಸಿದ್ದು. ಅವಳ ಮಗಳು ಗಂಗಮ್ಮನಿಗೆ ರಾಗ ಅಂದರೆ ಗಾವುದ ದೂರ.

ಇಂಥ ಅತ್ತೆ ನನ್ನೊಡನೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ತಪ್ಪು ನನ್ನದೇ. ಶಾಲೆಯ ವಾರ್ಷಿಕೋತ್ಸವದಲ್ಲಿ ನಾನು ಅವಳ ಬೇರೊಂದು ಹಾಡು ಹಾಡಿದೆ. ಯಾರಿಂದ ಕಲಿತದ್ದು ಎಂದು ವೇದಿಕೆಯಲ್ಲಿ ಹೇಳಲಿಲ್ಲ. ಮರುದಿನ ಪತ್ರಿಕೆಯ ಮೂಲೆಯಲ್ಲಿ 'ಶಿಕ್ಷಕಿ ತಾವೇ ಸಂಗ್ರಹಿಸಿದ ಹಾಡು' ಎಂದು ಬಂತು. ಯಾರೋ ಅದನ್ನು ಕುರುಗೋಡಿನಲ್ಲಿ ಅವಳಿಗೆ ಓದಿ ಹೇಳಿದರು. ನಾನು ಮುಂದಿನ ಸಲ ಹೋದಾಗ ಅತ್ತೆ ನೀರು ಕೊಟ್ಟಳು, ಊಟ ಬಡಿಸಿದಳು, ಮಾತಾಡಲಿಲ್ಲ. ಹೊರಡುವಾಗ ಒಂದೇ ಮಾತು ಅಂದಳು: "ನನ್ನ ಹೆಸ್ರು ಹೇಳಿದ್ರ ನಿನ್ನ ನಾಲಿಗಿ ಸವೀತಿತ್ತೇನು?"

ಆಮೇಲೆ ಜಿಲ್ಲೆಯ ರೇಡಿಯೊ ನಿಲಯದಲ್ಲಿ ಜಾನಪದ ಹಾಡು ಹಾಡುವ ಅವಕಾಶ ನನಗೆ ಬಂತು. ಇದೇ ಸಮಯವೆಂದುಕೊಂಡು ನಾಲ್ಕು ನುಡಿಯ ಆ ಹಾಡನ್ನೇ ಆರಿಸಿದೆ. ಗಂಗಮ್ಮನ ಕೈಲಿ ಅತ್ತೆಗೆ ಹೇಳಿ ಕಳಿಸಿದೆ, ಈ ಸಲ ನಿನ್ನ ಹೆಸರು ರೇಡಿಯೊದಲ್ಲೇ ಬರುತ್ತದೆ ಎಂದು. ಧ್ವನಿಮುದ್ರಣದ ದಿನ ಅಲ್ಲಿನ ಮೇಡಂ, "ಕಲಿಸಿದವರ ಹೆಸರೇನಾದರೂ ಹೇಳಬೇಕಾ?" ಎಂದು ಕೇಳಿದರು. "ಬೇಡ ಬಿಡಿ, ಹಾಡಿನಲ್ಲೇ ಬರುತ್ತದೆ" ಎಂದೆ, ದೊಡ್ಡ ಜಾಣೆಯ ಹಾಗೆ.

ಆ ವಾರ ನನಗೆ ಜೋರು ನೆಗಡಿ. ಮೂಗು ಕಟ್ಟಿ ದನಿ ಅರ್ಧ ಮೂಗಿನಿಂದಲೇ ಬರುತ್ತಿತ್ತು. ಒಳಗೆ ಕೂಡಿಸಿ ಬಾಗಿಲು ಹಾಕಿದರು, ಕೆಂಪು ದೀಪ ಹತ್ತಿತು. ಒಂದು ನುಡಿ, ಎರಡು ನುಡಿ, ಮೂರನೆಯದು ಮುಗಿಯುವಷ್ಟರಲ್ಲಿ ಗಂಟಲಲ್ಲಿ ಕೆಮ್ಮು ಬಂದು ಕೂತಿತು. ಅದನ್ನು ನುಂಗುವ ಗಡಿಬಿಡಿಯಲ್ಲಿ ಹಾಡು ಮುಗಿಯಿತೆಂಬಂತೆ ಕೈ ಮುಗಿದುಬಿಟ್ಟೆ. ಕೆಂಪು ದೀಪ ಆರಿತು. "ಚೆನ್ನಾಗಿ ಬಂತು" ಎಂದರು ಮೇಡಂ. ನಾನು ಥ್ಯಾಂಕ್ಸ್ ಹೇಳಿ, ಸಹಿ ಮಾಡಿ, ಆಟೊ ಹತ್ತಿದೆ. ಆಟೊ ಅರ್ಧ ದಾರಿಗೆ ಬಂದಾಗ ನಾಲ್ಕನೆಯ ನುಡಿ ನೆನಪಾಯಿತು.

ವಾಪಸು ಹೋಗಿ ಕೇಳಬಹುದಿತ್ತು. ನಾಚಿಕೆಯಾಗಿ ಹೋಗಲಿಲ್ಲ. ಮನೆಯಲ್ಲಿ ನಮ್ಮ ಯಜಮಾನರಿಗೂ ಹೇಳಲಿಲ್ಲ.

ಪ್ರಸಾರದ ದಿನವೇ ಗಂಗಮ್ಮನ ಕುಬುಸದ ಕಾರ್ಯ ನಿಗದಿಯಾಗಿತ್ತು. ಅವಳನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದರು. ಚೊಚ್ಚಲ ಬಸುರಿ, ಏಳು ತಿಂಗಳು. ತವರಿನಿಂದ ಹೋಳಿಗೆ, ಕರಿಗಡುಬು, ಐದು ಥರದ ಅನ್ನದ ಬುಟ್ಟಿಗಳು ಹೋಗಬೇಕು. ನಾವು ಬಳ್ಳಾರಿಯಿಂದ ಜೀಪಿನಲ್ಲಿ ಕುರುಗೋಡಿಗೆ ಬಂದು, ಅತ್ತೆಯನ್ನೂ ಬುಟ್ಟಿಗಳನ್ನೂ ಹತ್ತಿಸಿಕೊಂಡು ಹೋಗುವುದೆಂದಾಯಿತು. ಅತ್ತೆ ಒಪ್ಪಿದಳು ಎಂದು ಗಂಗಮ್ಮ ಫೋನಿನಲ್ಲಿ ಹೇಳಿದಾಗ ನನಗೆ ಸಂತೋಷವೂ ಆಯಿತು, ಹೆದರಿಕೆಯೂ ಆಯಿತು. "ಅವ್ವ ಓಣಿಗೆಲ್ಲಾ ಹೇಳ್ಯಾಳ, ರೇಡಿಯೊದಾಗ ನನ್ನ ಹೆಸ್ರು ಬರ್ತೈತಿ ಅಂತ. ನಾನೂ ಇಲ್ಲಿ ಎಲ್ಲಾರ್ಗೂ ಹೇಳೀನಿ" ಎಂದಳು ಗಂಗಮ್ಮ.

ಬೆಳಿಗ್ಗೆ ಹತ್ತಕ್ಕೆ ಕುರುಗೋಡು ಸೇರಿದೆವು. ಅತ್ತೆ ಹಸಿರು ಇಳಕಲ್ ಸೀರೆಯುಟ್ಟು ಕಟ್ಟೆಯ ಮೇಲೆ ಕಾದಿದ್ದಳು. ನನ್ನ ಮುಖ ನೋಡಲಿಲ್ಲ, ನಮ್ಮ ಯಜಮಾನರನ್ನಷ್ಟೇ ಮಾತಾಡಿಸಿದಳು. ಬುಟ್ಟಿಗಳು ಹಿಂದೆ ಹೋದವು. ಅತ್ತೆ ಮುಂದಿನ ಸೀಟಿಗೆ ಹತ್ತಬೇಕು. ಅವಳು ಒಳ್ಳೆ ಮೈಕಟ್ಟಿನ ಹೆಂಗಸು, ಜೀಪೋ ಎತ್ತರ. ಒಂದು ಕಾಲು ಮೇಲಿಟ್ಟು, ಹಿಡಿಯಲು ಏನಾದರೂ ಸಿಗುತ್ತದೆಯೇ ಎಂದು ಆಚೀಚೆ ನೋಡಿದಳು. ಗಾಜಿನ ಪಕ್ಕದಲ್ಲಿ ನೆಟ್ಟಗೆ ನಿಂತಿದ್ದ ಆಂಟೆನಾ ಕಂಡಿತು. ಅದನ್ನು ಎರಡೂ ಕೈಯಿಂದ ಹಿಡಿದು ಮೈಭಾರ ಬಿಟ್ಟಳು.

ಲಟಕ್ಕೆಂದು ಸದ್ದಾಯಿತು. ಅತ್ತೆ ಕೆಳಗೆ ನಿಂತಿದ್ದಳು, ಕೈಯಲ್ಲಿ ಆಂಟೆನಾ, ಅದರ ಬುಡದ ಬಿಲ್ಲೆ, ಮೊಳದುದ್ದ ಕಿತ್ತುಬಂದ ತಂತಿ. ಓಣಿಯ ಹೆಂಗಸರು ಬಾಯಿಗೆ ಸೆರಗು ಹಚ್ಚಿಕೊಂಡರು. ಎರಡು ವರ್ಷದ ನಂತರ ಅತ್ತೆ ನನ್ನ ಕಡೆ ತಿರುಗಿ ಆಡಿದ ಮೊದಲ ಮಾತು, "ಹಿಡ್ಕಣಾಕ ಇಟ್ಟಾರಂತ ತಿಳ್ಕಂಡ್ನೆಲೇ, ಇದೇನು ಇಷ್ಟು ಪೊಳ್ಳು!"

ನಮ್ಮ ಯಜಮಾನರ ಮುಖ ನೋಡುವಂತಿರಲಿಲ್ಲ. "ಇರ್ಲಿ ಬಿಡ್ರಿ ಅತ್ತಿ, ಅದರಾಗೇನೈತಿ" ಎಂದರು, ಮಗು ಬಿದ್ದಾಗ ತಂದೆ ಹೇಳುವ ದನಿಯಲ್ಲಿ. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಈಗ ಬಚ್ಚಿಡುವುದೇಕೆ, ನನಗಾದದ್ದು ಸಂತೋಷ. ಆಂಟೆನಾ ಇಲ್ಲ, ರೇಡಿಯೊ ಇಲ್ಲ, ಅತ್ತೆ ಹಾಡು ಕೇಳುವುದಿಲ್ಲ, ನನ್ನ ತಪ್ಪು ಹೊರಬೀಳುವುದಿಲ್ಲ. ತೆಕ್ಕಲಕೋಟೆ ದಾಟುವವರೆಗೂ ನಾನೇ ಮಾತಾಡಿದೆ. ಅತ್ತೆ ಮಾತ್ರ ಆ ಮುರಿದ ಕಡ್ಡಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಹೊರಗೆ ಭತ್ತದ ಗದ್ದೆ ನೋಡುತ್ತ ಕೂತಿದ್ದಳು.

ಸಿರುಗುಪ್ಪದಲ್ಲಿ ಕುಬುಸ ಚೆನ್ನಾಗಿ ನಡೆಯಿತು. ಗಂಗಮ್ಮನಿಗೆ ಹಸಿರು ಬಳೆ ತೊಡಿಸಿದರು, ಉಡಿ ತುಂಬಿದರು. ಉಂಡು ಎದ್ದಾಗ ಮೂರು ಗಂಟೆ. ಹಾಡು ನಾಲ್ಕೂಕಾಲಿಗೆ. ಮನೆಯಲ್ಲಿ ದೊಡ್ಡದೊಂದು ರೇಡಿಯೊ ಇತ್ತು, ಆದರೆ ಊಟದ ನಡುವೆಯೇ ಕರೆಂಟು ಹೋಗಿತ್ತು. ಗಂಗಮ್ಮನ ಮೈದುನನ ಹೊಸ ಫೋನಿನಲ್ಲಿ ರೇಡಿಯೊ ಇದೆಯೆಂದರು. ಬಳ್ಳಾರಿಯಿಂದ ಅಷ್ಟು ದೂರಕ್ಕೆ ಅದು ಒಗ್ಗರಣೆಯ ಹಾಗೆ ಬರೀ ಚುರುಗುಟ್ಟಿತು. ನಾನು ಒಳಗೊಳಗೇ ಕರೆಂಟಿಗೆ ಕೈ ಮುಗಿದೆ.

ಅಷ್ಟರಲ್ಲಿ ಅತ್ತೆ ಎದ್ದು ನಿಂತಳು. "ಮುರಿದಾಕಿ ನಾನು. ಹಾಕಿಸಾಕಿನೂ ನಾನ. ಇಂಥಾ ದೊಡ್ಡ ಊರಾಗ ಒಂದು ಕಡ್ಡಿ ಹಚ್ಚೋರು ಇಲ್ಲೇನು?" ಎಂದಳು.

"ಬೇಡ ಅತ್ತೆ, ಭಾನುವಾರ, ಅಂಗಡಿ ಮುಚ್ಚಿರ್ತಾವ" ಎಂದೆ.

"ನೀ ಸುಮ್ನಿರು. ನನ್ನ ಹೆಸ್ರು ಬರೋದು ಒಮ್ಮೆ. ಅದನ್ನೂ ನಾನ ಮುರ್ಕಂಡು ಕುಂದ್ರಲೇನು?"

ಆದೋನಿ ರಸ್ತೆಯಲ್ಲಿ ಮೌಲಾಸಾಬ ಎಂಬವರ ಅಂಗಡಿ ತೆರೆದಿತ್ತು. ಅರವತ್ತು ದಾಟಿದ ಮನುಷ್ಯ. ಲಾರಿಗಳಿಗೆ ಟೇಪು, ಹಾಡಿನ ಹಾರ್ನು, ಬಣ್ಣದ ದೀಪ ಕೂಡಿಸುವುದು ಅವರ ಕಸುಬು. ಗಣಿಯ ಲಾರಿ ಹೆಚ್ಚಾದ ಮೇಲೆ ಅವರಿಗೆ ಭಾನುವಾರವೂ ಬಿಡುವಿರಲಿಲ್ಲ. ಅವರ ಹೆಂಡತಿ ಹುಸೇನ್‌ಬಿ ಪಕ್ಕದಲ್ಲೇ ಕೂತು ಪಾನಾ, ಸ್ಕ್ರೂಗಳನ್ನು ಡಬ್ಬಿಗೆ ಹಾಕುತ್ತಿದ್ದರು. ಅತ್ತೆ ಮುರಿದ ಕಡ್ಡಿಯನ್ನು ಅವರ ಮುಂದೆ ಹಿಡಿದು, ಸಮಯ ಎಷ್ಟಿದೆ, ಯಾಕೆ ಬೇಕು ಎಲ್ಲ ಹೇಳಿದಳು. ಮೌಲಾಸಾಬರು ಕಡ್ಡಿ ತಿರುಗಿಸಿ ನೋಡಿ, ಅತ್ತೆಯನ್ನೂ ಒಮ್ಮೆ ನೋಡಿ, "ಇದನ್ನ ಕೈಲೇ ಮುರಿದ್ರೇನಕ್ಕಾ? ಹಂಗಾರ ನಮ್ಮಲ್ಲಿ ಕೆಲ್ಸಕ್ಕ ಬರ್ರಿ, ಜಾಮ್ ಆದ ನಟ್ಟು ಭಾಳ ಅದಾವ" ಎಂದರು. ಹುಸೇನ್‌ಬಿ ಬಿದ್ದು ಬಿದ್ದು ನಕ್ಕರು.

ಜೀಪಿಗೆ ಹೊಂದುವ ಆಂಟೆನಾ ಅವರಲ್ಲಿರಲಿಲ್ಲ. ಯಾರೋ ಗಣಿ ಸಾಹುಕಾರರು ತಮ್ಮ ದೊಡ್ಡ ಗಾಡಿಗೆಂದು ತರಿಸಿ, ಅದು ಬರುವಷ್ಟರಲ್ಲಿ ಗಾಡಿಯನ್ನೇ ಬದಲಿಸಿದ್ದರಿಂದ ಉಳಿದುಹೋದ ಒಂದು ಉದ್ದನೆಯ ಉಕ್ಕಿನ ಕಡ್ಡಿ ಇತ್ತು. "ಇದನ್ನ ಹೊಂದಿಸ್ತೀನಿ, ನೋಡೂಣು" ಎಂದು ಜೀಪಿನ ಕೆಳಗೆ ನುಗ್ಗಿದರು.

ಆ ಕೆಲಸವನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಮಡ್‌ಗಾರ್ಡಿನ ಅಡಿಯಿಂದ ಕೈ ಹಾಕಿ ಹಳೆಯ ನಟ್ಟು ಬಿಚ್ಚಿದರು. ಬಿಚ್ಚಿದ ಕೂಡಲೇ ಒಳಗೆ ಸೇರಿದ್ದ ಕೆಂಪು ಮಣ್ಣು ಸುರ್ರನೆ ಅವರ ಬಿಳಿ ಗಡ್ಡದ ಮೇಲೆ ಸುರಿಯಿತು. "ಸರ, ನಿಮ್ಮ ಜೀಪಿನಾಗ ಒಂದು ಗಣಿ ಐತಿ. ಯಾರ್ಗೂ ಹೇಳಬ್ಯಾಡ್ರಿ" ಎಂದರು ಕೆಳಗಿನಿಂದಲೇ. ಹಳೆಯ ತಂತಿಯ ಉಳಿದ ತುಂಡನ್ನು ಡ್ಯಾಶ್‌ಬೋರ್ಡಿನ ಹಿಂದಿನಿಂದ ಎಳೆದು ಹಾಕಿದರು. ತೂತಿನ ಸುತ್ತ ಬಣ್ಣ, ತುಕ್ಕು ಎರಡನ್ನೂ ಉಪ್ಪುಕಾಗದದಿಂದ ಉಜ್ಜಿ ಲೋಹ ಹೊಳೆಯುವ ಹಾಗೆ ಮಾಡಿದರು. ಅಲ್ಲಿ ತಾಗದಿದ್ದರೆ ಬರೀ ಗೊರಗೊರ ಬರುತ್ತದೆಂದು ವಿವರಿಸಿದರು. ತೂತು ದೊಡ್ಡದಾಗಿತ್ತು, ಹುಸೇನ್‌ಬಿ ಸೈಕಲ್ ಟ್ಯೂಬಿನಿಂದ ರಬ್ಬರಿನ ಬಿಲ್ಲೆ ಕತ್ತರಿಸಿಕೊಟ್ಟರು. ಹೊಸ ಕಡ್ಡಿ ಕೂತಿತು, ನಟ್ಟು ಬಿಗಿಯಾಯಿತು, ಹೊಸ ತಂತಿ ಒಳಗೆ ಹಾಯ್ದು ರೇಡಿಯೊದ ಬೆನ್ನಿಗೆ ಸಿಕ್ಕಿತು. ಯಾವುದೂ ಅರ್ಧಂಬರ್ಧ ಆಗಿರಲಿಲ್ಲ. ನಾನು ಇದನ್ನು ಇಷ್ಟು ಬಿಡಿಸಿ ಬರೆಯುತ್ತಿರುವುದು ಅದಕ್ಕೇ.

ನಾಲ್ಕೂ ಹತ್ತಕ್ಕೆ ಮೌಲಾಸಾಬರು ಗುಂಡಿ ತಿರುಗಿಸಿದರು. ಸಿರುಗುಪ್ಪದ ಬಯಲಿನಲ್ಲಿ ಬಳ್ಳಾರಿಯ ನಿಲಯ ಪಕ್ಕದ ಮನೆಯ ಮಾತಿನಂತೆ ಸ್ಪಷ್ಟವಾಗಿ ಬಂತು. ನಮ್ಮ ಯಜಮಾನರು ಮೌಲಾಸಾಬರನ್ನು ಅಪ್ಪಿಕೊಂಡೇಬಿಟ್ಟರು. ಆ ಹೊತ್ತಿಗೆ ಕುಬುಸದ ಮನೆಯಿಂದ ಗಂಗಮ್ಮ, ಅವಳ ಗಂಡ, ಅವಳ ಅತ್ತೆ-ಮಾವ, ನೆಂಟರ ಹೆಂಗಸರು ಎಲ್ಲ ನಡೆದು ಬಂದಿದ್ದರು. ಅಂಗಡಿಯವರೂ ಸೇರಿ ಹನ್ನೊಂದು ಮಂದಿ ಜೀಪಿನ ಸುತ್ತ ನಿಂತೆವು. ಅತ್ತೆ ಹೊಸ ಕಡ್ಡಿಯ ಹತ್ತಿರ ಸರಿದಾಗ ಎಲ್ಲರೂ ಒಟ್ಟಿಗೆ "ಮುಟ್ಟಬ್ಯಾಡ!" ಎಂದು ಕೂಗಿದರು. ಅವಳು ಶಾಲೆಯ ಹುಡುಗಿಯ ಹಾಗೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಆ ನಿಲುವು ನೋಡಿ ನನಗೆ ಅಳು ಬಂತು. ಹೇಳಿಬಿಡೋಣ ಎನಿಸಿತು. ಬಾಯಿ ತೆರೆಯುವಷ್ಟರಲ್ಲಿ ನನ್ನ ಹೆಸರು ಹೇಳಿದರು, ಹಾಡು ಶುರುವಾಯಿತು.

ನನ್ನದೇ ದನಿ, ನನ್ನದೇ ನೆಗಡಿ. ಮೊದಲ ನುಡಿ ಬೀಸುವ ಕಲ್ಲಿನದು, ಎರಡನೆಯದು ತವರಿನದು, ಮೂರನೆಯದು ಅಣ್ಣ ಕರೆಯಲು ಬರುವುದು. ಅತ್ತೆ ತುಟಿ ಅಲ್ಲಾಡಿಸುತ್ತಿದ್ದಳು, ದನಿ ಹೊರಡಿಸುತ್ತಿರಲಿಲ್ಲ. ಮೂರನೆಯ ನುಡಿ ಮುಗಿಯಿತು. ನಾನು ಅವಳ ಮುಖ ನೋಡಲಾರದೆ ಜೀಪಿನ ಗಾಲಿ ನೋಡತೊಡಗಿದೆ. ಇನ್ನು ನಿರೂಪಕಿ ಮಾತಾಡುತ್ತಾಳೆ, ಇನ್ನು ಅತ್ತೆ ನನ್ನ ಕಡೆ ತಿರುಗುತ್ತಾಳೆ ಎಂದು ಹಲ್ಲು ಕಚ್ಚಿ ನಿಂತೆ.

ಆಗ ರೇಡಿಯೊದಲ್ಲಿ ನಾನು ಉಸಿರೆಳೆದುಕೊಂಡದ್ದು ಕೇಳಿಸಿತು. ಮೂಗು ಕಟ್ಟಿದವರು ಬಾಯಿಂದ ಎಳೆದುಕೊಳ್ಳುವ ಉಸಿರು. ಅದರ ಬೆನ್ನಿಗೇ, 'ಕಲ್ಲ ಗುಡ್ಡದ ಕೆಳಗ ಕಲ್ಲು ತಿರುವುವರ್ಯಾರ'.

ಗಾಲಿಯಿಂದ ತಲೆಯೆತ್ತಿ ರೇಡಿಯೊ ಕಡೆ ನೋಡಿದೆ. ಪಕ್ಕದಲ್ಲಿದ್ದ ಹುಸೇನ್‌ಬಿ ನನ್ನ ಕೈ ಹಿಡಿದುಕೊಂಡರು. ನಾಲ್ಕನೆಯ ನುಡಿ ಅವಸರವಿಲ್ಲದೆ ಪೂರ್ತಿ ಬಂತು. ಅತ್ತೆಯ ಹೆಸರು ಬಂದಲ್ಲಿ ದನಿ ಸ್ವಲ್ಪ ತಡೆದು, ನಕ್ಕಂತಾಗಿ ಮುಂದೆ ಹೋಯಿತು. 'ಬೆಳದಿಂಗಳ' ಎಂಬಲ್ಲಿ ಹಾಡು ನಿಂತ ಕೂಡಲೇ ಕೊಳಲಿನ ವಾದನ ಕೇಳಿಸಿತು. ಅದು ಶುರುವಿನಿಂದ ಬರಲಿಲ್ಲ. ಯಾರೋ ಬಾಗಿಲು ತೆರೆದಾಗ ಒಳಗೆ ಆಗಲೇ ನಡೆದಿದ್ದ ಹಾಗೆ, ನಡುವಿನಿಂದ ಬಂತು.

ಗಂಗಮ್ಮ ಚಪ್ಪಾಳೆ ತಟ್ಟಿದಳು. "ಅವ್ವಾ, ನಿನ್ನ ಹೆಸ್ರು ಬಂತು!" ಮೌಲಾಸಾಬರು, "ಹುಲಿಗೆವ್ವ ಅಂದ್ರ ನೀವೇನಕ್ಕಾ? ಅಬ್ಬಬ್ಬಾ, ರೇಡಿಯೊದಾಗಿನ ಮಂದಿ ನಮ್ಮ ಅಂಗಡಿಗೆ ಬಂದಾರ" ಎಂದರು. ಅತ್ತೆ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು, ಅದರ ನೋವು ಎರಡು ದಿನ ಇತ್ತು. "ಗಟ್ಟಿ ಹೇಳಿದಿ ನೋಡು ಈಗ" ಎಂದಳು. ಕಣ್ಣೊರೆಸಿಕೊಂಡು, ಎಲ್ಲರಿಗೂ ಹೋಳಿಗೆ ತರಲು ಯಾರನ್ನೋ ಓಡಿಸಿದಳು. ನಾನು ನಗುತ್ತ ನಿಂತಿದ್ದೆ. ಬೆವರು ಸೀರೆಯೊಳಗೆ ಇಳಿಯುತ್ತಿತ್ತು.

ಅತ್ತೆ ಮಗಳ ಮನೆಯಲ್ಲೇ ಉಳಿದಳು. ಹಿಂತಿರುಗುವಾಗ ದಾರಿಯಲ್ಲಿ ಯಜಮಾನರಿಗೆ ನಿಜ ಹೇಳಿದೆ. "ಹಾಡಿರ್ತೀ, ಮರೆತಿರ್ತೀ" ಎಂದರು. ನಾನೂ ಹಾಗೇ ಅಂದುಕೊಳ್ಳಲು ನೋಡಿದೆ. ಮರುದಿನ ಶಾಲೆಯಲ್ಲಿ ನಮ್ಮ ಕನ್ನಡ ಟೀಚರು, "ಹಾಡು ಛಲೋ ಇತ್ತು, ಆದರೆ ಮೂರೇ ನುಡಿಗೆ ಮುಗಿಸಿಬಿಟ್ಟಿರಲ್ಲ, ಆಮೇಲೆ ಸುಮ್ಮನೆ ಕೊಳಲು ಹಾಕಿದರು" ಎಂದರು. ಅವರು ಬಳ್ಳಾರಿಯಲ್ಲಿ ತಮ್ಮ ಮನೆಯ ರೇಡಿಯೊದಲ್ಲಿ ಕೇಳಿದ್ದರು.

ಆ ವಾರವೇ ರೇಡಿಯೊ ನಿಲಯಕ್ಕೆ ಹೋದೆ. ಮೇಡಂ ಬೇಸರಿಸದೆ ಧ್ವನಿಮುದ್ರಿಕೆ ಹಾಕಿ ಕೇಳಿಸಿದರು. ಮೂರು ನುಡಿ. ಅದರ ಕೊನೆಗೆ ನುಂಗಿದ ಕೆಮ್ಮಿನ ಸಣ್ಣ ಸದ್ದು, ಮತ್ತೇನೂ ಇಲ್ಲ. ಹಾಡು ಚಿಕ್ಕದಾಯಿತೆಂದು ಉಳಿದ ಹೊತ್ತಿಗೆ ಕೊಳಲು ಸೇರಿಸಿದ್ದೆವು ಎಂದರು. ಎರಡನೆಯ ಸಲ ಹಾಕಿಸಿಕೊಂಡು ಕೇಳಿದೆ. ಮೂರೇ.

ನನಗೆ ತೋಚಿದ ದಾರಿಗಳನ್ನೆಲ್ಲ ಹುಡುಕಿದ್ದೇನೆ. ಅಲ್ಲಿ ನಿಂತು ನಾನೇ ನನಗರಿವಿಲ್ಲದೆ ಹಾಡಿದೆನೇ? ನಾನು ಬಾಯಿಗೆ ಸೆರಗು ಒತ್ತಿಕೊಂಡಿದ್ದೆ ಎಂದು ಹುಸೇನ್‌ಬಿ ಆಮೇಲೆ ಹೇಳಿದರು. ಅತ್ತೆ ಹಾಡಿದಳೇ? ಅವಳ ದನಿ ಮುದುಕಿಯ ಒಡೆದ ದನಿ, ಯಾರಿಗೂ ತಪ್ಪು ತಿಳಿಯುವುದಿಲ್ಲ. ಹಳೆಯ ಧ್ವನಿಮುದ್ರಣವೆಂದರೆ ಆ ನುಡಿಯನ್ನು ನಾನು ಎಲ್ಲೂ ಮುದ್ರಿಸಿದವಳಲ್ಲ, ಮೇಲಾಗಿ ಅದರಲ್ಲಿ ಆ ವಾರದ ನೆಗಡಿ ಇತ್ತು. ರೇಡಿಯೊ ಬಲ್ಲ ಎಂಜಿನಿಯರೊಬ್ಬರು, "ನೀವೆಲ್ಲ ಕೇಳಬೇಕೆಂದು ಆಸೆಪಟ್ಟಿರಿ, ಕೇಳಿಸಿತು" ಎಂದರು. ಮೌಲಾಸಾಬರಿಗೆ ಆ ನುಡಿಯೇ ಗೊತ್ತಿರಲಿಲ್ಲ, ಅವರು ಆಸೆಪಟ್ಟದ್ದು ಹೇಗೆ? ಅಲ್ಲದೆ ಆ ನುಡಿ ಇಲ್ಲವೆಂದು ತಿಳಿದಿದ್ದವಳು ನಾನೊಬ್ಬಳೇ. ನಾನು ಮನಸಾರೆ ಆಸೆಪಟ್ಟದ್ದು ರೇಡಿಯೊ ಕೆಟ್ಟುಹೋಗಲಿ ಎಂದು.

ಅತ್ತೆ ಮತ್ತೆ ಮೊದಲಿನಂತಾದಳು. ನನ್ನನ್ನು ಕುರುಗೋಡಿಗೆ ಕರೆಸಿಕೊಂಡು ಮೂರು ದಿನ ಇಟ್ಟುಕೊಂಡಳು, ಹೊಸ ಹಾಡುಗಳನ್ನು ಹೇಳಿಕೊಟ್ಟಳು. ಆದರೆ ಅವಳು ಬಂದವರಿಗೆಲ್ಲ, 'ನಮ್ಮ ಹುಡುಗಿ ರೇಡಿಯೊದಾಗ ನನ್ನ ಹೆಸ್ರು ಹೇಳ್ತು' ಎಂದು ಹೇಳುವಾಗ ನನಗೆ ಕದ್ದ ವಸ್ತು ಮೈಮೇಲೆ ಹಾಕಿಕೊಂಡಂತಾಗುತ್ತಿತ್ತು. ಗಂಗಮ್ಮನಿಗೆ ಹೆಣ್ಣು ಮಗುವಾಗಿ, ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ನಾವೆಲ್ಲ ಕುರುಗೋಡಿನಲ್ಲಿ ಸೇರಿದಾಗ ಇನ್ನು ತಡೆಯಲಾಗಲಿಲ್ಲ. ಅಡುಗೆಮನೆಯಲ್ಲಿ ಅತ್ತೆ ಒಬ್ಬಳೇ ಸಿಕ್ಕಾಗ ಎಲ್ಲ ಹೇಳಿಬಿಟ್ಟೆ. ಕೆಮ್ಮು ಬಂದದ್ದು, ಕೈ ಮುಗಿದು ಎದ್ದದ್ದು, ವಾಪಸು ಹೋಗದ್ದು, ಆಂಟೆನಾ ಮುರಿದಾಗ ಸಂತೋಷಪಟ್ಟದ್ದು, ನಿಲಯದಲ್ಲಿ ಮೂರೇ ನುಡಿ ಇರುವುದು.

ಅತ್ತೆ ಬೇಯುತ್ತಿದ್ದ ಹೋಳಿಗೆ ತಿರುವಿಹಾಕಿದಳು. ಬೈಯಲಿಲ್ಲ, ಬೆರಗಾಗಲೂ ಇಲ್ಲ. ನಾನು ಏನೋ ಲೆಕ್ಕ ತಪ್ಪು ಮಾಡಿದ್ದೇನೆ ಎನ್ನುವ ಹಾಗೆ ನೋಡಿದಳು.

"ನೀ ಹಾಡಿದ್ದನ್ನ ನಾ ಕೇಳೀನಿ. ಗಂಗಿ ಕೇಳ್ಯಾಳ, ಆ ಸಾಬ ಕೇಳ್ಯಾನ. ಅವ್ರ ಮಿಷೀನಿಗೆ ಕೇಳಿಲ್ಲಂದ್ರ ಅದು ಮಿಷೀನಿನ ಕಿವುಡು. ಅದಕ್ಯಾಕ ನೀ ಹಿಂಗ ಮಾರಿ ಸಣ್ಣ ಮಾಡ್ಕಂಡೀ? ತಗೋ, ಬಿಸಿ ಐತಿ, ತಿನ್ನು."

ತಟ್ಟೆಗೆ ಹೋಳಿಗೆ ಹಾಕಿ ತುಪ್ಪ ಬಿಟ್ಟಳು. ನಾನು ತಿಂದೆ. ಆಮೇಲೆ ಇಷ್ಟು ವರ್ಷಗಳಾದವು, ತಿಳಿದವರನ್ನು ಕೇಳಿದ್ದೇನೆ, ಪುಸ್ತಕ ತೆಗೆದು ನೋಡಿದ್ದೇನೆ. ಅವಳು ಹೇಳಿದ್ದಕ್ಕಿಂತ ಒಳ್ಳೆಯ ವಿವರಣೆ ನನಗೆ ಇನ್ನೂ ಸಿಕ್ಕಿಲ್ಲ.